ಅರ್ಧ ಕೌದಿ

ಒಂದು ರಾಜ್ಯ ಎಷ್ಟು ನಾಗರಿಕವಾಗಿದೆ ಎಂಬುದನ್ನು ಅದು ತನ್ನ ವೃದ್ಧರನ್ನೂ ರೋಗಿಗಳನ್ನೂ ಹೇಗೆ ನೋಡಿಕೊಳ್ಳುತ್ತದೆ ಎಂಬುದರ ಮೇಲೆ ಅಳೆಯಬೇಕು ಎಂದು ತಿಳಿದವರು ಹೇಳುತ್ತಾರೆ. ನನ್ನ ಸೇವಾವಧಿಯಲ್ಲಿ ನಾನೂ ಎರಡು ಸಲ ಧ್ವನಿವರ್ಧಕದ ಮುಂದೆ ನಿಂತು ಇದನ್ನೇ ಹೇಳಿದ್ದೇನೆ. ನಮ್ಮ ಮನೆತನದ ಮಟ್ಟಿಗೆ ಈ ನಾಗರಿಕತೆ ಐದಡಿಗೆ ಎರಡು ಬೆರಳು ಕಡಿಮೆ ಇತ್ತು, ಮಾಸಿದ ಇಳಕಲ್ ಸೀರೆ ಉಡುತ್ತಿತ್ತು, ಎಡ ದವಡೆಯಲ್ಲಿ ಸದಾ ಒಂದು ಅಡಿಕೆ ಹೋಳು ಇಟ್ಟುಕೊಂಡಿರುತ್ತಿತ್ತು. ನಾವು ಅದನ್ನು ಚಿಗವ್ವ ಎಂದು ಕರೆಯುತ್ತಿದ್ದೆವು.

ಚಿಗವ್ವ ನನ್ನ ತಾಯಿಯ ಬೆನ್ನಿಗೆ ಹುಟ್ಟಿದ ತಂಗಿ. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಬೇಕಾದ ಕಾಗದದಲ್ಲಿ ಬೇಕಾದ ಹೊತ್ತಿಗೆ ಬಾರದ ಹೆಸರು ಈಗ ನನ್ನ ಬರಹಕ್ಕೆ ಅಲಂಕಾರವಾಗಿ ಬರುವುದು ಬೇಡ. ಖಾನಾಪುರದ ಕಡೆಯ ಒಂದು ಹಳ್ಳಿಗೆ ಆಕೆಯನ್ನು ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಅತ್ತೆ ಹಾಸಿಗೆ ಹಿಡಿದಾಗ ಅತ್ತೆಯನ್ನು ನೋಡಿಕೊಂಡಳು, ಆಮೇಲೆ ಮಾವನನ್ನು, ಆಮೇಲೆ ಗಂಡನನ್ನು. ಮೂವರೂ ಸರದಿ ತಪ್ಪಿಸದೆ ತೀರಿಕೊಂಡ ಮೇಲೆ, ನೋಡಿಕೊಳ್ಳಲು ಆ ಮನೆಯಲ್ಲಿ ಯಾರೂ ಉಳಿಯಲಿಲ್ಲ. ಆದ್ದರಿಂದ ಈಕೆ ಅಲ್ಲಿ ಯಾಕಿದ್ದಾಳೆ ಎಂಬುದು ಮೈದುನಂದಿರಿಗೆ ತಿಳಿಯದೆ ಹೋಯಿತು. ಒಂದು ಟ್ರಂಕು, ಒಂದು ಹೊಲಿಗೆ ಡಬ್ಬಿ ತೆಗೆದುಕೊಂಡು ಹೊರಬಿದ್ದಳು. ಅದೇ ವಾರ ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯಲ್ಲಿ ನನ್ನ ತಾಯಿಗೆ ಲಕ್ವಾ ಹೊಡೆದಿತ್ತು. ದೇವರು ಎಷ್ಟು ಅಚ್ಚುಕಟ್ಟಾಗಿ ವ್ಯವಸ್ಥೆ ಮಾಡಿದ ಎಂದು ನಾವೆಲ್ಲ ಮೆಚ್ಚಿಕೊಂಡೆವು. ಆಕೆಯ ಅಭಿಪ್ರಾಯವನ್ನು ಕೇಳಿದ ನೆನಪು ನಮ್ಮ ಯಾರಿಗೂ ಇಲ್ಲ.

ಆಕೆ ಬಂದ ದಿನವೇ ನನ್ನ ಹೆಂಡತಿಯಿಂದ ಹಳೆಯ ಸೀರೆಗಳನ್ನು ಇಸಿದುಕೊಂಡು ಹೊಲಿಯಲು ಕೂತಳು. ಕೌದಿ ಎಂದರೆ ಹಳೆ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಕಿ ಹೊಲಿದದ್ದು ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಚಿಗವ್ವ ಹೊಲಿದದ್ದು ಅರ್ಧ ಕೌದಿ. ಮಲಗಿದಲ್ಲೇ ಎಲ್ಲ ಆಗುವ ರೋಗಿಯ ಕೆಳಗೆ ಇಡೀ ಕೌದಿ ಹಾಸಿದರೆ, ಅದನ್ನು ಬದಲಾಯಿಸಲು ಇಬ್ಬರು ಬೇಕು: ಒಬ್ಬರು ಎತ್ತಬೇಕು, ಒಬ್ಬರು ಎಳೆಯಬೇಕು. ಆ ಎರಡನೆಯವರು ಯಾವ ಮನೆಯಲ್ಲೂ ಸಿಗುವುದಿಲ್ಲ ಎಂಬುದನ್ನು ಆಕೆ ಅತ್ತೆಯ ಕಾಲದಲ್ಲೇ ಕಂಡುಕೊಂಡಿದ್ದಳು. ಅದಕ್ಕೆ ಸೊಂಟದಿಂದ ಮೊಣಕಾಲಿನವರೆಗೆ ಮಾತ್ರ ಬರುವ, ಅಡ್ಡಲಾಗಿ ಹಾಸುವ ತುಂಡು. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಒದ್ದೆಯಾದದ್ದನ್ನು ಸುರುಳಿ ಸುತ್ತಿ, ಒಣಗಿದ್ದನ್ನು ಅದರ ಬೆನ್ನಿಗೇ ಬಿಚ್ಚಿ, ಇನ್ನೊಂದು ಮಗ್ಗುಲಿಗೆ ಹೊರಳಿಸಿದರೆ ಮುಗಿಯಿತು. ಒಬ್ಬಳೇ ಸಾಕು. ಒಂದು ಜೀವಕ್ಕೆ ಆರು, ಮಳೆಗಾಲವಾದರೆ ಹತ್ತು. ಬೆಳಗಾವಿಯ ಜುಲೈನಲ್ಲಿ ಬಟ್ಟೆ ಒಣಗುವುದಿಲ್ಲ. ಶೇಗಡಿಯ ಕೆಂಡದ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಒಂದೊಂದನ್ನೇ ಹೊದಿಸಿ, ಪಕ್ಕದಲ್ಲಿ ಕೂತು ಒಣಗಿಸುತ್ತಿದ್ದಳು. ಚಿಗವ್ವ ಅರ್ಧ ಕೌದಿ ಹಿಡಿದಳು ಎಂದರೆ ಯಾರೋ ಹಾಸಿಗೆ ಹಿಡಿದರು ಎಂದೇ ಬಳಗದಲ್ಲಿ ಅರ್ಥ. "ಯಾರಿಗವ್ವಾ ಇದು?" ಎಂದು ಕೇಳುತ್ತಿದ್ದರು, ಕೂಸಿಗೆ ಕುಂಚಿಗೆ ಹೊಲಿಯುವವಳನ್ನು ಕೇಳುವ ಹಾಗೆ.

ಮಾತು ಕಡಿಮೆ. ಆಡಿದರೆ ಎದುರಿನವನು ಆ ದಿನ ಪೂರ್ತಿ ಮೆಲುಕು ಹಾಕಬೇಕು. ರೋಗಿಯನ್ನು ನೋಡಲು ಬಂದವರು ಬಾಗಿಲಲ್ಲೇ ಗಡಿಯಾರ ನೋಡಿಕೊಂಡರೆ, "ಸಾಯಾವ್ರಿಗಿ ಅವಸರ ಇರೂದಿಲ್ರಿ, ನೋಡಾಕ ಬಂದಾವ್ರಿಗಿ ಇರ್ತೈತಿ, ಚಾ ಕುಡದ ಹೋಗ್ರಿ" ಎನ್ನುತ್ತಿದ್ದಳು. ಅವರು ತಂದ ಬಾಳೆಹಣ್ಣಿನ ಚಿಪ್ಪುಗಳು ಮೂಲೆಯಲ್ಲಿ ಕಪ್ಪಾಗುತ್ತಿದ್ದವು. ಒಮ್ಮೆ ನನ್ನ ಮೇಲಧಿಕಾರಿಗಳೇ ಸಪತ್ನೀಕರಾಗಿ ಬಂದು ಒಂದು ಡಜನ್ ಇಟ್ಟು ಹೋದ ಮೇಲೆ, ನನಗೆ ಕೇಳಿಸುವಷ್ಟೇ ಎತ್ತರದಲ್ಲಿ ಹೇಳಿದಳು: "ಹಣ್ಣ ತರಾವ್ರು ಹತ್ತ ಮಂದಿ, ಹೇಲ ತಗ್ಯಾಕಿ ಒಬ್ಬಾಕಿ."

ನನ್ನ ತಾಯಿ ಆರು ವರ್ಷ ಮಲಗಿದ್ದಳು. ಆ ಆರು ವರ್ಷ ನಾನು ತಾಯಿಯ ಸೇವೆ ಮಾಡಿದೆ ಎಂಬುದಕ್ಕೆ ಊರೇ ಸಾಕ್ಷಿ. ದಿನಾ ಸಂಜೆ ಕಚೇರಿಯಿಂದ ಬಂದು, ಕೈಕಾಲು ತೊಳೆದು, ಆಕೆಯ ಮಂಚದ ಬಾಜು ಕುರ್ಚಿ ಹಾಕಿಕೊಂಡು ಅರ್ಧ ತಾಸು ಪೇಪರ್ ಓದಿ ಹೇಳುತ್ತಿದ್ದೆ. ಕಿಟಕಿ ರಸ್ತೆಯ ಕಡೆಗಿತ್ತು. ವಾಕಿಂಗ್ ಹೋಗುವವರಿಗೆಲ್ಲ ಕಾಣುತ್ತಿತ್ತು. "ಮಗಾ ಅಂದ್ರ ಹಿಂಗಿರಬೇಕು ನೋಡ್ರಿ" ಎಂದು ಅವರು ಹೇಳಿದ್ದು ನನಗೂ ಕೇಳಿಸುತ್ತಿತ್ತು, ಆಗ ನನ್ನ ಓದು ಇನ್ನಷ್ಟು ಸ್ಪಷ್ಟವಾಗುತ್ತಿತ್ತು. ನಾನು ಕೂರುವ ಮೊದಲು ಚಿಗವ್ವ ತಾಯಿಯ ಮೈ ಒರೆಸಿ, ಪೌಡರು ಹಾಕಿ, ಜಡೆ ಹೆಣೆದು, ಊದಬತ್ತಿ ಹಚ್ಚಿ ಒಳಗೆ ಹೋಗಿರುತ್ತಿದ್ದಳು. ಆರು ವರ್ಷದಲ್ಲಿ ಆ ಕೋಣೆಯಲ್ಲಿ ನನಗೆ ಊದಬತ್ತಿಯ ಹೊರತು ಬೇರೆ ವಾಸನೆ ಬಂದ ನೆನಪಿಲ್ಲ.

ತಾಯಿ ತೀರಿಕೊಂಡ ಮೇಲೆ ಬಡಾವಣೆಯ ಹಿರಿಯರು ಸೇರಿ ನನಗೆ ಶಾಲು ಹೊದಿಸಿದರು. ಕಾಲೇಜಿನ ಒಬ್ಬ ನಿವೃತ್ತ ಪ್ರಾಚಾರ್ಯರು ಮಾತೃಭಕ್ತಿಯ ಮೇಲೆ ಮುಕ್ಕಾಲು ತಾಸು ಮಾತಾಡಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಅದನ್ನೂ ಅವರು ವಿನಯ ಎಂದು ವರ್ಣಿಸಿದರು. ಮನೆಗೆ ಬಂದರೆ ಚಿಗವ್ವ ಹಿತ್ತಲಲ್ಲಿ ಮಂಚ ತಿಕ್ಕಿ ತೊಳೆಯುತ್ತಿದ್ದಳು. ನನಗೇನೋ ಅನಿಸಿ ಶಾಲು ತೆಗೆದು ಆಕೆಯ ಕೈಗೆ ಕೊಟ್ಟೆ. ಅದರ ಪದರನ್ನು ಎರಡು ಬೆರಳಲ್ಲಿ ಹೊಸಕಿ ನೋಡಿ, "ನೀರ ಹೀರೂದಿಲ್ಲೋ ಇದು" ಎಂದಳು. ಆದರೂ ಬಿಸಾಕಲಿಲ್ಲ. ಮುಂದಿನ ಅರ್ಧ ಕೌದಿಗೆ ಅದನ್ನು ಅಡಿಪದರಾಗಿ ಹಾಕಿದಳು. ನನ್ನ ಮಾತೃಭಕ್ತಿ ಹೀಗೆ ಕೊನೆಗೂ ಒಂದು ಕೆಲಸಕ್ಕೆ ಬಂತು.

ಇಲ್ಲಿ ನನ್ನ ವೃತ್ತಿಯ ಬಗ್ಗೆ ಎರಡು ಮಾತು ಹೇಳದೆ ಗತಿಯಿಲ್ಲ. ನಾನು ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಯಾವ ಕಚೇರಿ ಎಂಬುದು ಬೇಡ; ಮುಂದೆ ಹೇಳುವ ತಪ್ಪು ಕಚೇರಿಯದಲ್ಲ. ಬಹಳ ವರ್ಷ ನನ್ನ ಮೇಜಿನ ಮೇಲಿದ್ದದ್ದು ವೃದ್ಧರ, ವಿಧವೆಯರ, ಅಂಗವಿಕಲರ ಮಾಸಾಶನದ ಅರ್ಜಿಗಳು. ನಮ್ಮ ಕಡೆ ಜನ ಅದಕ್ಕೆ ಪಗಾರ ಎನ್ನುತ್ತಾರೆ. ಅರ್ಜಿ ಬಂದರೆ ಊರಿನ ತಲಾಟಿ ಹೋಗಿ ನೋಡಿ ವರದಿ ಕೊಡಬೇಕು. ಈ ತಲಾಟಿಗಳಿಗೆ ಸರ್ಕಾರ ಆಗಾಗ ಹೊಸ ಹೆಸರಿಡುತ್ತದೆ. ಜನ ಆಗಾಗ ಅದನ್ನು ಕಡೆಗಣಿಸುತ್ತಾರೆ. ಹೊಸದಾಗಿ ಬಂದ ಹುಡುಗರಿಗೆ ವರದಿ ಬರೆಯಲು ಬರುತ್ತಿರಲಿಲ್ಲ. ಕಂಡದ್ದನ್ನೆಲ್ಲ ಬರೆದು ಪುಟ ತುಂಬಿಸುತ್ತಿದ್ದರು. ಅವರಿಗೆ ನಾನೊಂದು ಮಾದರಿ ವಾಕ್ಯ ಕಲಿಸಿದೆ: "ಸದರಿಯವರನ್ನು ಕುಟುಂಬದವರು ನೋಡಿಕೊಳ್ಳುತ್ತಿರುತ್ತಾರೆ." ಎಂಥ ವಾಕ್ಯ! ಎಲ್ಲಿಗಾದರೂ ಹೊಂದುತ್ತದೆ, ಯಾರನ್ನೂ ಹೆಸರಿಸುವುದಿಲ್ಲ, ಕಡತವನ್ನು ಮುಗಿಸುತ್ತದೆ. ಎಷ್ಟು ಮನೆಗಳಲ್ಲಿ ಆ ಕುಟುಂಬದವರು ಎಂಬುದು ಒಬ್ಬ ಸೊಸೆ, ಅಥವಾ ಮದುವೆಯಾಗದೆ ಉಳಿದ ಮಗಳು, ಅಥವಾ ಸಾಲಿ ಬಿಡಿಸಿದ ಮೊಮ್ಮಗಳು ಎಂಬುದನ್ನು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ. ಜಾಗವಿಲ್ಲದ್ದನ್ನು ನಾನು ನೋಡುತ್ತಿರಲಿಲ್ಲ.

ನನ್ನ ಮನೆಯಲ್ಲೂ ಹಾಗೇ. ತಾಯಿ ಇನ್ನೂ ಇದ್ದಾಗ ಒಮ್ಮೆ ಯಾವುದೋ ಸಮೀಕ್ಷೆಗೆ ಸಾಲಿಯಲ್ಲಿ ಕಲಿಸುವ ಬಾಯಿಯವರೊಬ್ಬರು ಬಂದರು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು. "ನಾಲ್ಕು" ಎಂದೆ. ತಾಯಿ, ನಾನು, ಹೆಂಡತಿ, ಮಗಳು. ರೇಷನ್ ಕಾರ್ಡಿನಲ್ಲಿ ಇದ್ದದ್ದು ಅಷ್ಟೇ. ಚಿಗವ್ವನ ಹೆಸರು ಗಂಡನ ಊರಿನ ಕಾರ್ಡಿನಲ್ಲಿತ್ತು. ಅಲ್ಲಿಂದ ತೆಗೆಸಿದ ದಾಖಲೆ ತಂದು ಇಲ್ಲಿ ಸೇರಿಸಬೇಕು. ಅದು ಅರ್ಧ ದಿನದ ಕೆಲಸ ಎಂಬುದು ಇಡೀ ಜಿಲ್ಲೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಆರು ವರ್ಷದಲ್ಲಿ ಆ ಅರ್ಧ ದಿನ ಸಿಗಲಿಲ್ಲ. ಅಷ್ಟರಲ್ಲಿ ಚಿಗವ್ವ ಚಹಾ ತಂದಳು. ಬಾಯಿಯವರು ಬರೆಯುವುದನ್ನು ನಿಲ್ಲಿಸಿ ಆಕೆಯ ಕಡೆ ನೋಡಿದರು.

"ಮತ್ತ ಇವ್ರು?"

ನಾನು ಬಾಯಿ ತೆರೆಯುವ ಮೊದಲೇ ಆಕೆ ಹೇಳಿದಳು: "ನಾಕ ಅಂತನ ಬರಕೋರಿ ಬಾಯಾರ. ಐದನೇದಾಕಿ ಚಾ ಮಾಡಾಕ ಹೋಗಿರ್ತಾಳ, ಎಣಸಾಕ ಸಿಗೂದಿಲ್ಲ."

ಬಾಯಿಯವರು ನಕ್ಕರು. ನಾನೂ ನಕ್ಕೆ. ನಾಲ್ಕು ಎಂದೇ ಬರೆದುಕೊಂಡರು.

ತಾಯಿ ಹೋದ ಮೇಲೆ ಹದಿನೈದು ದಿನವೂ ಆಗಿರಲಿಲ್ಲ, ಗುಂಜಿಯಲ್ಲಿದ್ದ ನನ್ನ ಸೋದರಮಾವ ಫೋನು ಮಾಡಿದ. ಅತ್ತೆಗೆ ಗರ್ಭಕೋಶದ ಕ್ಯಾನ್ಸರು. "ಚಿಗವ್ವನ್ನ ಕಳಸ್ತಿಯೇನು? ಈಗ ಹೆಂಗೂ ಖಾಲಿ ಅದಾಳಲ್ಲ" ಎಂದ. ಕಳಿಸಿದೆ. ರೈಲು ಹತ್ತಿಸಲು ನಾನೇ ಸ್ಟೇಶನ್ನಿಗೆ ಹೋಗಿದ್ದೆ. ಅಷ್ಟು ಕೃತಜ್ಞತೆ ನನ್ನಲ್ಲಿತ್ತು. ಎರಡು ವರ್ಷ ಗುಂಜಿ. ನಡುನಡುವೆ ಯಾರದೋ ಬಾಣಂತನ, ಯಾರದೋ ಮುರಿದ ಕಾಲು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಆಕೆಯನ್ನು ಕರೆಸಿಕೊಳ್ಳುವುದು ಇನ್ನೂ ಸಲೀಸಾಯಿತು. ಮೊದಲು ಟಿಕೀಟಿನ ಸಂಕೋಚವಾದರೂ ಇತ್ತು. ಒಮ್ಮೆ ನಾನು, "ನೋಡು ಚಿಗವ್ವ, ಸರಕಾರ ನಿನಗೂ ಒಂದು ಅನುಕೂಲ ಮಾಡ್ತು" ಎಂದೆ. "ನನಗಲ್ಲೋ, ನಿಮಗ ಮಾಡ್ತು" ಎಂದಳು.

ನನ್ನ ಹೆಂಡತಿ ಸಾಲಿಯಲ್ಲಿ ಕಲಿಸುವವಳು, ಸೊಂಟನೋವಿನವಳು. ಚಿಗವ್ವನನ್ನು ಗುಂಜಿಗೆ ಕಳಿಸಿದ ದಿನ ಊಟಕ್ಕೆ ಬಡಿಸುತ್ತ ಕೇಳಿದಳು: "ನಿಮ್ಮ ಅವ್ವಗ ನಿಮ್ಮ ಚಿಗವ್ವ ಇದ್ರು. ನಾಳೆ ನಿಮಗ ನಾ ಇದ್ದೀನಿ. ನನಗ ಯಾರ್ರಿ?" ನಾನು ಉಪ್ಪಿನಕಾಯಿ ಕೇಳಿದೆ.

ಗುಂಜಿಯ ಅತ್ತೆ ತೀರಿದ ಮೇಲೆ ಚಿಗವ್ವ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದಳು. ಖಾನಾಪುರದಲ್ಲಿ ಹಸೀನಾಬಿ ಎಂಬುವರದು ಗಾದಿ ಅಂಗಡಿ. ಹತ್ತಿ ಹಿಂಜಿ ಗಾದಿ ತುಂಬುವುದು ಆ ಮನೆಯ ಹಳೆಯ ಕಸುಬು. ಕೌದಿಗೆ ತುಂಡು ಬಟ್ಟೆ ತರಲು ಹೋಗಿ ಹೋಗಿ ಇಬ್ಬರು ಹೆಂಗಸರಿಗೂ ಗೆಳೆತನವಾಗಿತ್ತು. ಅಂಗಡಿಯ ಹಿಂದೆ ಒಂದು ಖೋಲಿ, ಅದಕ್ಕೆ ಬೇರೆಯದೇ ಬಾಗಿಲು. ಚಿಗವ್ವ ಅದನ್ನು ಹಿಡಿದಳು. ಅಂಗಡಿಗೆ ಕೌದಿ ಹೊಲಿದು ಕೊಡುವುದು, ಅದರಲ್ಲಿ ತನ್ನ ಚಹಾ ರೊಟ್ಟಿ. ಬಾಡಿಗೆಗೆ ಮಾತ್ರ ಕೊರತೆ. ಪಗಾರ ಒಂದು ಸುರುವಾದರೆ ಸಾಕು ಎಂದು ಹಸೀನಾಬಿಯೇ ಅರ್ಜಿ ಹಾಕಿಸಿದ್ದರು. ಅಲ್ಲಿಯವರೆಗೆ ಬಾಡಿಗೆ ಬೇಡ ಎಂದಿದ್ದರು.

ಸುದ್ದಿ ತಿಳಿದು ನೋಡಿ ಬರಲು ಹೋದೆ. ಬೆಳಗಿನ ಹನ್ನೊಂದು ಗಂಟೆ. ಬಾಗಿಲು ಒಳಗಿನಿಂದ ಹಾಕಿತ್ತು. ಬಹಳ ಹೊತ್ತು ಬಡಿದ ಮೇಲೆ ಚಿಲಕ ಸರಿದ ಸದ್ದು. ಚಿಗವ್ವ ಕೂದಲು ಕೆದರಿಕೊಂಡು ಬಾಗಿಲಲ್ಲಿ ನಿಂತಳು.

"ಯಾರರ ಸತ್ತಾರೇನು?"

"ಇಲ್ಲ."

"ಬಿದ್ದಾರೇನು?"

"ಯಾರೂ ಬಿದ್ದಿಲ್ಲ ಚಿಗವ್ವ."

"ಹಂಗಾರ ಯಾಕ ಬಂದಿ?"

ಒಳಗೆ ಕರೆದು ಕೂರಿಸಿದಳು. ಹಗಲು ಹೊತ್ತು ಆಕೆ ಮಲಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಮೈಗೆ ಆರಾಮಿಲ್ಲವೇ ಎಂದು ಕೇಳಿದೆ. "ಆರಾಮ ಅದೀನಿ, ಅದಕ್ಕ ಮಲಗಿದ್ದೆ. ನಲವತ್ತ ವರ್ಷ ಒಂದ ಕಣ್ಣ ತಗದ ಮಲಗೀನೋ, ಯಾವಾಗ ಯಾರ ಕರೀತಾರಂತ. ಈ ಬಾಗಲಕ್ಕ ಒಳಗ ಚಿಲಕ ಐತಿ ನೋಡು" ಎಂದಳು. ಎದ್ದು ಹೋಗಿ ಒಮ್ಮೆ ಹಾಕಿ, ಒಮ್ಮೆ ತೆಗೆದು ತೋರಿಸಿದಳು. ಹೊಸ ದಾಗೀನು ತೋರಿಸುವಂತೆ. ಆಕೆಗೆ ಬೇಕಾದದ್ದು ಅಷ್ಟೇ ಇತ್ತು. ಅದು ನನಗೆ ಆಗಲೇ ಚೆನ್ನಾಗಿ ಅರ್ಥವಾಗಿತ್ತು ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಮುಂದೆ ನಡೆದದ್ದಕ್ಕೆ ತಿಳಿಯದೆ ಮಾಡಿದೆ ಎಂಬ ಸಮಜಾಯಿಷಿ ಉಳಿಯಬಾರದು.

ಅದಾಗಿ ಒಂದು ತಿಂಗಳಿಗೆ, ಒಂದು ರವಿವಾರ, ನನ್ನ ಕೈಕೆಳಗೆ ಕಲಿತ ಒಬ್ಬ ತಲಾಟಿ ಮನೆಗೆ ಬಂದ. ಒಳ್ಳೆಯ ಹುಡುಗ. ಕಾಲು ಮುಟ್ಟಿ ನಮಸ್ಕಾರ ಮಾಡಿದ.

"ಸರ, ನಿಮ್ಮ ಚಿಗವ್ವಾರ ಪಗಾರದ ಅರ್ಜಿ ನನ್ನ ಕಡೆ ಬಂದೈತ್ರಿ. ಹೋಗಿ ನೋಡಿ ಬಂದೆ. ಒಂದ ಖೋಲಿ, ಒಬ್ರ ಇರ್ತಾರ. ನನಗೇನ ತಕರಾರಿಲ್ರಿ. ಆದ್ರ ನಿಮ್ಮ ಮನಿ ವಿಷಯ, ನಿಮಗ ಕೇಳದ ಹೆಂಗ ಬರೀಲಿ?"

"ಒಬ್ರ ಇರ್ತಾರ ಅಂದ್ರ? ನಾವೇನ ಸತ್ತೀವೇನೋ? ಆಕಿ ನಮ್ಮ ಮನ್ಯಾಕಿ. ಏನೋ ಸಿಟ್ಟ ಮಾಡಿಕೊಂಡ ನಾಕ ದಿನ ಅಲ್ಲಿ ಅದಾಳ. ಶಿರಸ್ತೇದಾರನ ಚಿಗವ್ವ ಸರಕಾರದ ಮುಂದ ಕೈ ಒಡ್ಡಿದ್ಲು ಅಂದ್ರ ಊರಾಗ ನಾ ಹೆಂಗ ತಿರಗ್ಯಾಡ್ಲಿ?"

ಅವನು ತಲೆ ಕೆರೆದುಕೊಂಡ. "ಹಂಗಾರ ಹೆಂಗ ಬರೀಲ್ರಿ?"

"ನಾ ಕಲಿಸಿದ್ದ ಮರತಿ?"

ಹುಡುಗ ನಕ್ಕು, ಕಣ್ಣು ಮುಚ್ಚಿ, ಪಾಠ ಒಪ್ಪಿಸಿದ: "ಸದರಿಯವರನ್ನು ಕುಟುಂಬದವರು ನೋಡಿಕೊಳ್ಳುತ್ತಿರುತ್ತಾರೆ." ನಾನು ಅವನ ಬೆನ್ನು ತಟ್ಟಿದೆ. ನನ್ನ ಕುಟುಂಬದ ಆದಾಯವನ್ನೂ ಬರೆಯಲು ಹೇಳಿದೆ. ನನ್ನ ನಿವೃತ್ತಿ ವೇತನ ಸೇರಿಸಿದರೆ ಅರ್ಜಿ ಆದಾಯದ ಮಿತಿ ದಾಟಿ ತಾನಾಗಿಯೇ ಬೀಳುತ್ತದೆ. ಸಮೀಕ್ಷೆಗೆ ನಾಲ್ಕು ಎಂದ ಬಾಯಿಯೇ ಇದನ್ನೂ ಹೇಳಿದ್ದು.

ಅವನು ಹೋದ ಮೇಲೆ ಹೆಂಡತಿ ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. "ಮರ್ಯಾದಿ ಸಲವಾಗಿ ಮಾಡಿದ್ರ್ಯಾ?" ಎಂದಳು. ಹೌದು ಎಂದೆ. "ಖರೇ?" ಎಂದಳು. ನಾನು ಪೇಪರ್ ತೆಗೆದುಕೊಂಡೆ.

ಖರೇ ಅಲ್ಲ. ಮರ್ಯಾದೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದು ಮುಖಪುಟದ ಕಾರಣ. ಒಳಗಿನ ಹಾಳೆಯಲ್ಲಿದ್ದದ್ದು ಬೇರೆ. ನನ್ನ ಎರಡೂ ಮೊಣಕಾಲು ಸವೆದು ಹೋಗಿದ್ದವು. ಮಳೆಗಾಲ ಸುರುವಾಗುವ ಹೊತ್ತಿಗೆ ಎರಡನ್ನೂ ಬದಲಾಯಿಸುವುದೆಂದು ಡಾಕ್ಟರು ದಿನ ಗೊತ್ತುಮಾಡಿದ್ದರು. ಆಮೇಲೆ ಮೂರು ತಿಂಗಳು ಯಾರಾದರೂ ಹಿಡಿದು ಎಬ್ಬಿಸಬೇಕು, ಕೂರಿಸಬೇಕು, ಸಂಡಾಸಿಗೆ ಒಯ್ಯಬೇಕು. ಹೆಂಡತಿಗೆ ಸೊಂಟ, ಮಗಳಿಗೆ ಮದುವೆಯಾಗಿತ್ತು. ತನ್ನದೇ ಖೋಲಿ, ತನ್ನದೇ ಪಗಾರ, ಒಳಗಿನ ಚಿಲಕ ಇದ್ದ ಚಿಗವ್ವ ಬರುತ್ತಾಳೆಂಬ ಭರವಸೆ ನನಗಿರಲಿಲ್ಲ.

ಅರ್ಜಿ ತಿರಸ್ಕರಿಸಿದ ಕಚೇರಿಯ ಹಿಂಬರಹ ಆಕೆಗೆ ತಲುಪಿತು. ಅದನ್ನು ತೆಗೆದುಕೊಂಡು ಆಕೆ ನೇರವಾಗಿ ನನ್ನ ಬಳಿಯೇ ಬಂದಳು. ಮಧ್ಯಾಹ್ನದ ಬಸ್ಸಿಗೆ. ಎಲೆ ಸಂಚಿಯಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ನನ್ನ ಕೈಯಲ್ಲಿಟ್ಟಳು.

"ಸಾಹೇಬ್ರ, ಇದೊಂದ ಓದಿ ಹೇಳ್ರಿ. ಹಸೀನಾಬಿ ಮೊಮ್ಮಗಳು ಓದಿದ್ಲು, ಆಕಿಗಿ ತಿಳೀಲಿಲ್ಲ. ಕಚೇರಿ ಕನ್ನಡ ನಿನಗ ಬರ್ತೈತಿ."

ನನಗೆ ಸಿಟ್ಟು ಬಂದಾಗ, ಬೇಸರವಾದಾಗ ರಮಿಸಲು ಆಕೆ ನನ್ನನ್ನು ಸಾಹೇಬ್ರ ಎನ್ನುತ್ತಿದ್ದಳು. ಆಕೆಗೆ ಬೇಸರವಾದಾಗ ಏನನ್ನುತ್ತಾಳೆ ಎಂಬುದನ್ನು ನಾನು ಕಲಿತಿರಲಿಲ್ಲ. ಕನ್ನಡಕ ಹಾಕಿಕೊಂಡು ಓದಿದೆ. ನನ್ನ ವಾಕ್ಯವನ್ನು ಅಲ್ಲಿಯವರೆಗೆ ನಾನು ಎಂದೂ ಗಟ್ಟಿಯಾಗಿ ಓದಿರಲಿಲ್ಲ. ಅದನ್ನು ಯಾರ ಬಗ್ಗೆ ಬರೆದಿದೆಯೋ ಅವರ ಮುಂದೆ ಕೂತಂತೂ ಓದಿರಲಿಲ್ಲ.

ಆಕೆ ದವಡೆಯ ಅಡಿಕೆಯನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದಳು. "ಕುಟುಂಬದವ್ರು ಅಂದ್ರ ಯಾರ್ಪಾ?"

"ಅದು... ಎಲ್ಲಾರಿಗೂ ಹಂಗ ಬರೀತಾರ ಚಿಗವ್ವ. ಕಚೇರಿ ಪದ್ಧತಿ."

"ಬರದಾರ ಅಂದಮ್ಯಾಲ ಇರಬೇಕು ಎಲ್ಲ್ಯಾರ. ಅವ್ರ ಮನಿ ಎಲ್ಲೈತಿ ಕೇಳಿ ಹೇಳು. ಹೋಗಿ ನಾಕ ದಿನ ಇದ್ದ ಬರ್ತೀನಿ."

ಹೆಂಡತಿ ಚಹಾದ ಕಪ್ಪು ಹಿಡಿದು ನಿಂತವಳು ಹಾಗೆಯೇ ಒಳಗೆ ತಿರುಗಿದಳು. ನಾನು, ಮತ್ತೆ ಅರ್ಜಿ ಹಾಕಬಹುದು, ಮೇಲ್ಮನವಿಗೆ ಅವಕಾಶವಿದೆ, ನಾನೇ ಬರೆದು ಕೊಡುತ್ತೇನೆ ಎಂದೆಲ್ಲ ಹೇಳಿದೆ. ಹೇಳುವಾಗ ಕಲಮುಗಳ ಸಂಖ್ಯೆಯನ್ನೂ ಹೇಳಿದೆ. ಆಕೆ ಕಾಗದವನ್ನು ಅದೇ ಮಡಿಕೆಯಲ್ಲಿ ಮಡಿಸಿ ಸಂಚಿಗೆ ಹಾಕಿಕೊಂಡಳು. ಆಮೇಲೆ ನನ್ನ ಮೊಣಕಾಲುಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ನನ್ನ ಮೊಣಕಾಲಿನ ಸುದ್ದಿ ಬಳಗಕ್ಕೆಲ್ಲ ಗೊತ್ತಿತ್ತು.

"ಆಪರೇಶನ್ ಯಾವಾಗ?"

"ಮುಂದಿನ ಸೋಮವಾರ."

"ಎರಡೂ?"

"ಎರಡೂ."

ಆಕೆ ಒಳಗೆ ಕೂಗಿ ಹೇಳಿದಳು: "ಹಳೇ ಸೀರಿ ಇದ್ರ ತಗದ ಇಡವ್ವಾ. ಮಳಿಗಾಲ ಬಂತು, ಹತ್ತ ಬೇಕಾಗ್ತಾವ."

ಮೂರು ತಿಂಗಳು ನನ್ನನ್ನು ನೋಡಿಕೊಂಡಳು. ಆ ಮನೆಯ ಶಿರಸ್ತೇದಾರ ಮೊದಲ ವಾರ ಅರ್ಧ ಕೌದಿಯ ಮೇಲೆ ಮಲಗಿದ. ಆ ವಾರ ನನಗೆ ಗೊತ್ತಾಯಿತು, ನನ್ನ ತಾಯಿಯ ಕೋಣೆಯಲ್ಲಿ ಊದಬತ್ತಿ ಯಾಕೆ ಉರಿಯುತ್ತಿತ್ತೆಂದು. ನಾಚಿಕೆಯಿಂದ ಮುಖ ಗೋಡೆಗೆ ತಿರುಗಿಸಿದರೆ, "ಅತ್ತಾಗ ಹೊರಳಿದ್ದ ಚಲೋ ಆತು, ಹಂಗ ಇರು" ಎಂದು ಎಳೆದು ಮುಗಿಸಿಬಿಡುತ್ತಿದ್ದಳು. ಆಮೇಲೆ ನಡಿಗೆ. ಎರಡು ಹೆಜ್ಜೆಗೆ ನಾನು ಕೂತುಬಿಟ್ಟರೆ ಗದರಿಸುತ್ತಿದ್ದಳು: "ಹೆಜ್ಜಿ ಇಡೋ ಸಾಹೇಬಾ. ನೆಲ ಏನ ಕಡತ ಅಲ್ಲ, ಮುಂದಿನ ಟೇಬಲ್ಲಿಗಿ ದೂಡಾಕ." ಐದಡಿಗೂ ಕಡಿಮೆಯ ಆ ಹೆಂಗಸಿನ ಹೆಗಲ ಮೇಲೆ ಕೈಯಿಟ್ಟು ನಾನು ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆದೆ. ಮೇಲ್ಮನವಿಯನ್ನು ಮನಸ್ಸಿನಲ್ಲಿ ಬಹಳ ಸಲ ಬರೆದೆ, ಒಳ್ಳೆಯ ಒಕ್ಕಣೆಯಲ್ಲಿ. ಆದರೆ ಅದು ಮಂಜೂರಾದರೆ ಆಕೆ ಹೋಗಿಬಿಡುತ್ತಾಳೆ. ಇನ್ನೂ ಮೆಟ್ಟಿಲು ಹತ್ತುವುದು ಬಾಕಿಯಿತ್ತು. ಮೆಟ್ಟಿಲು ಆದ ಮೇಲೆ ಬರೆಯೋಣ ಎಂದುಕೊಂಡೆ. ಅವಧಿ ಮೀರಿತು.

ನಡುವೆ ಹಸೀನಾಬಿ ಫೋನು ಮಾಡಿದ್ದರು. "ಅಣ್ಣಾರ, ಅಕ್ಕಾ ಯಾವಾಗ ಬರ್ತಾರ್ರಿ? ಖೋಲಿ ಝಾಡಿಸಿ ಇಟ್ಟೀನಿ." ನಾನು ಫೋನನ್ನು ಚಿಗವ್ವನ ಕೈಗೆ ಕೊಟ್ಟೆ. ಆಕೆ ಒಂದು ಕೈಯಲ್ಲಿ ನನ್ನ ರಟ್ಟೆ ಹಿಡಿದಿದ್ದಳು. "ಈ ಕೂಸು ನಡ್ಯಾಕ ಕಲೀಲಿ, ಬರ್ತೀನಿ" ಎಂದಳು.

ಕೂಸು ನಡೆಯಲು ಕಲಿತ ವಾರವೇ ಗುಂಜಿಯ ಮಾವ ಬಚ್ಚಲಲ್ಲಿ ಜಾರಿ ಬಿದ್ದ. ಇಲ್ಲಿಂದ ಅಲ್ಲಿಗೆ ಹೋದಳು. ದಾರಿಯಲ್ಲಿ ಖಾನಾಪುರಕ್ಕೆ ಇಳಿದು ಖೋಲಿಯ ಕೀಲಿ ನೋಡಿಕೊಂಡು ಹೋದಳಂತೆ, ಮಲಗಲು ಹೊತ್ತಿರಲಿಲ್ಲ. ಗುಂಜಿಯ ಕಾಡಂಚಿನ ಆ ಸಾಲಿನ ಮಳೆ, ಒಣಗದ ಬಟ್ಟೆ, ಮೊದಲು ಕೆಮ್ಮು, ಆಮೇಲೆ ಜ್ವರ. ಹನ್ನೆರಡು ದಿನ ಆಕೆ ಅದರಲ್ಲೇ ಮಾವನನ್ನು ಎತ್ತಿ ಇಳಿಸಿದಳು. ಹದಿಮೂರನೆಯ ದಿನ ಮಾವ ನನಗೆ ಫೋನು ಮಾಡಿ, "ನಿನ್ನ ಚಿಗವ್ವಗ ಆರಾಮಿಲ್ಲ ನೋಡು" ಎಂದ. "ನಿನ್ನ ತಂಗಿಗಿ ಡಾಕ್ಟರಗ ತೋರಿಸೋ ಮಾವಾ" ಎಂದು ನಾನೆಂದೆ. ಹೀಗೆ ಎರಡು ದಿನ ಆಕೆ ಯಾರವಳು ಎಂಬ ಪತ್ರವ್ಯವಹಾರ ನಡೆಯಿತು. ಕೊನೆಗೆ ಬೆಳಗಾವಿಗೆ ತಂದು ಆಸ್ಪತ್ರೆಗೆ ಹಾಕಿದೆವು. ನ್ಯುಮೋನಿಯಾ ಎರಡೂ ಕಡೆ ಹಿಡಿದಿತ್ತು.

ಹೆಂಗಸರ ವಾರ್ಡು. ರಾತ್ರಿ ಗಂಡಸರಿಗೆ ಪ್ರವೇಶವಿಲ್ಲ ಎಂಬ ಫಲಕ ಬಾಗಿಲ ಮೇಲಿತ್ತು. ಅದನ್ನು ಓದಿ ನನಗೆ ಆದ ಸಮಾಧಾನವನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹೆಂಡತಿ ಎರಡು ರಾತ್ರಿ ಕೂತಳು. ಮೂರನೆಯ ದಿನ ಸೊಂಟ ನೆಟ್ಟಗಾಗಲಿಲ್ಲ. ಆ ಸಂಜೆ ಹಸೀನಾಬಿ ಒಂದು ಗಂಟು ಹೊತ್ತುಕೊಂಡು ಬಂದರು. ರೋಗಿಯ ಜೊತೆ ಇರುವವರ ಚೀಟಿ ಬರೆಯುವ ನರ್ಸಬಾಯಿ ಕೇಳಿದಳು, "ನೀವು ಇವ್ರಿಗಿ ಏನಾಗಬೇಕ್ರಿ?" ಹಸೀನಾಬಿ ಒಂದು ಕ್ಷಣ ನನ್ನ ಕಡೆ ನೋಡಿ, ಮತ್ತೆ ನರ್ಸಬಾಯಿಯ ಕಡೆ ತಿರುಗಿ ಹೇಳಿದರು: "ಇವ್ರು ನಮ್ಮ ಬಾಡಿಗಿದಾರ್ರಿ." ನರ್ಸಬಾಯಿ ಹಾಗೇ ಬರೆದುಕೊಂಡಳು.

ನಾನು ದಿನಾ ಸಂಜೆ ಭೇಟಿಯ ವೇಳೆಗೆ ಹೋಗುತ್ತಿದ್ದೆ. ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಬಾಗಿಲಲ್ಲಿ ಒಂದು ಡಜನ್ ಬಾಳೆಹಣ್ಣು ಕೊಳ್ಳುತ್ತಿದ್ದೆ. ನಾಲ್ಕನೆಯ ದಿನವೋ ಐದನೆಯ ದಿನವೋ ಆಕೆ ಆಕ್ಸಿಜನ್ ಮುಖವಾಡದ ಮೇಲಿನಿಂದ ಕಣ್ಣು ತೆರೆದು ನನ್ನ ಕೈ ನೋಡಿದಳು. ಮುಖವಾಡ ಸರಿಸಿ, "ತಂದ್ಯಾ?" ಎಂದಳು. ಕಣ್ಣಲ್ಲಿ ನಗೆಯಿತ್ತು. ನಾನು ಚಿಪ್ಪನ್ನು ಮಂಚದ ಕೆಳಗೆ ಸರಿಸಿದೆ.

ಆಕೆಯ ಕೆಳಗೆ ಅಡ್ಡಲಾಗಿ ಒಂದು ಅರ್ಧ ಕೌದಿ ಹಾಸಿತ್ತು. ಹೊಸ ಬಟ್ಟೆಯದು, ಗಾದಿ ಅಂಗಡಿಯ ಪಟ್ಟೆಪಟ್ಟೆ ಬಟ್ಟೆ. ಹಸೀನಾಬಿ ಹೊಲಿದು ತಂದದ್ದು. ಚಿಗವ್ವ ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನನಗೆ ತೋರಿಸಿದಳು. "ಗಾದಿ ಹೊಲ್ಯಾಕಿ ಈಕಿ. ಹೊಲಿಗಿ ನೋಡು ಎಷ್ಟ ದೂರ ದೂರ."

"ಸುಮ್ನ ಮಲಗ್ರಿ ಅಕ್ಕಾ, ನಿಮ್ಮ ಪರೀಕ್ಷಾದಾಗ ನಾ ಪಾಸ ಆಗೂದ ಬ್ಯಾಡ" ಎಂದರು ಹಸೀನಾಬಿ. ಎಂದು, ಆಕೆಯನ್ನು ಒಂದು ಮಗ್ಗುಲಿಗೆ ಹೊರಳಿಸಿದರು. ಒಬ್ಬರೇ. ನಾನು ಹೊರಗೆ ಬಂದೆ. ಭೇಟಿಯ ವೇಳೆಯೂ ಮುಗಿದಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ, ಹಸೀನಾಬಿ ಚಹಾ ತರಲು ಕೆಳಗೆ ಹೋದಾಗ, ತೀರಿಕೊಂಡಳು. ಮಣ್ಣು ಮಾಡುವುದು, ದಾಸೋಹ ಎಲ್ಲ ನನ್ನ ಮನೆಯಿಂದಲೇ ಆಯಿತು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆ ತಲಾಟಿಯೂ ಬಂದಿದ್ದ. ಚಿಗವ್ವನನ್ನೂ ತಾಯಿಯ ಹಾಗೆ ನೋಡಿಕೊಂಡ ಎಂದು ಜನ ಹೇಳಿದರು. ಮರಣ ನೋಂದಣಿಯ ಅರ್ಜಿಯನ್ನು ನಾನೇ ತುಂಬಿದೆ. ನನ್ನ ಅಕ್ಷರ ಚೆನ್ನಾಗಿದೆ. ಮೃತರ ಉದ್ಯೋಗ ಎಂಬ ಕಾಲಮ್ಮಿತ್ತು. ಬೇರೆ ಏನು ಬರೆದರೂ ಆಕ್ಷೇಪಣೆ ಬರುತ್ತಿತ್ತು. "ಇಲ್ಲ" ಎಂದು ಬರೆದೆ.

ಆ ಖೋಲಿಯಲ್ಲಿ ಈಗ ಹಸೀನಾಬಿಯವರು ಹತ್ತಿಯ ಮೂಟೆಗಳನ್ನು ಇಟ್ಟಿದ್ದಾರೆ. ನನ್ನ ಎರಡೂ ಮೊಣಕಾಲು ಸರಿಯಾಗಿವೆ. ದಿನಾ ಬೆಳಿಗ್ಗೆ ರೈಲ್ವೆ ಗೇಟಿನವರೆಗೆ ಹೋಗಿ ಬರುತ್ತೇನೆ.